ಕೋಲಾರ ಸೀಮೆಯ ಕಾಲೇಜು ಫುಟ್‌ಬಾಲ್

ಡಿ.ವಿ.ಜಿ.ಯವರ ಮುಳಬಾಗಿಲು, ಮಾಸ್ತಿಯವರ ಮಾಲೂರು ಎಂದು ಹೆಮ್ಮೆಪಡುವ ಸೀಮೆಯಲ್ಲಿ ಕನ್ನಡದ ಮೇಷ್ಟ್ರೊಬ್ಬನು ಕಾಲ್ಚೆಂಡಿನ ಮಾತು ತೆಗೆದರೆ ತಮಗೆ ಸೋಜಿಗವೆನಿಸಬಹುದು. ಆ ಚೆಂಡಿನೊಡನೆ ನನಗೊಂದು ಹಳೆಯ ಲೆಕ್ಕ ಉಳಿದಿದೆ. ಅದನ್ನು ಕಡೆಯಲ್ಲಿ ಹೇಳುತ್ತೇನೆ.

ನಮ್ಮ ಜಿಲ್ಲೆಯ ಫುಟ್‌ಬಾಲಿಗೆ ತವರು ಚಿನ್ನದ ಗಣಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಇಂಗ್ಲಿಷ್ ಇಂಜಿನಿಯರುಗಳ ಹಿಂದೆಯೇ ಅವರ ಆಟಗಳೂ ಬಂದವು. ಗಾಲ್ಫ್ ದೊರೆಗಳಲ್ಲೇ ಉಳಿಯಿತು. ಫುಟ್‌ಬಾಲಿಗೆ ಬೇಕಾದದ್ದು ಒಂದು ಚೆಂಡು, ಒಂದಿಷ್ಟು ಬಯಲು. ಅದು ಉರಿಗಾಂ, ಚಾಂಪಿಯನ್ ರೀಫ್‌ಗಳ ಕಾರ್ಮಿಕರ ಕೇರಿಗಳಿಗೆ ಉರುಳಿತು. ಕಾಲೇಜುಗಳು ಆಮೇಲೆ ಬಂದವು.

ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಯ ಏರ್ಪಾಟು ಸರಳವಾದದ್ದು. ಕಾಲೇಜುಗಳು ಪರಸ್ಪರ ಆಡುತ್ತವೆ. ಅವುಗಳಲ್ಲಿ ಮೇಲಾದ ಹುಡುಗರನ್ನು ಆರಿಸಿ ವಿಶ್ವವಿದ್ಯಾನಿಲಯದ ತಂಡ ಕಟ್ಟುತ್ತಾರೆ. ಆ ತಂಡ ಮೊದಲು ದಕ್ಷಿಣ ವಲಯದಲ್ಲಿ ಗೆದ್ದು, ಬಳಿಕ ಸರ್ ಆಶುತೋಷ್ ಮುಖರ್ಜಿಯವರ ಹೆಸರಿನ ಪಾರಿತೋಷಕಕ್ಕಾಗಿ ಹೋರಾಡಬೇಕು. ದಕ್ಷಿಣ ವಲಯವೆಂದರೆ ಕೇರಳದವರನ್ನು ಎದುರಿಸುವುದು ಎಂದರ್ಥ. 1968ರಲ್ಲಷ್ಟೇ ಹುಟ್ಟಿದ ಕಲ್ಲಿಕೋಟೆ ವಿಶ್ವವಿದ್ಯಾನಿಲಯ ಈ ಪಾರಿತೋಷಕವನ್ನು ಹಲವು ಬಾರಿ ಎತ್ತಿದೆ. ಅಲ್ಲಿ ಒಳ್ಳೆಯ ಆಟಗಾರನಾಗಲು ಕಾಲೇಜೇ ದಾರಿ. ನಮ್ಮಲ್ಲಿ ಹಾಗಲ್ಲ. ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 1946–47ರಿಂದ 1968–69ರೊಳಗೆ ನಾಲ್ಕು ಸಲ ಗೆದ್ದಿತ್ತು. ಆದರೆ ಚೆನ್ನಾಗಿ ಆಡುವ ಬಡವರ ಹುಡುಗನಿಗೆ ಐ.ಟಿ.ಐ., ಎಚ್.ಎ.ಎಲ್.ನಂಥ ಕಾರ್ಖಾನೆಯ ತಂಡದಲ್ಲಿ ಸಂಬಳ ಕಾಣುತ್ತಿತ್ತು. ಬಿ.ಎ. ಮುಗಿಸೆಂದು ಅವನಿಗೆ ಹೇಳುವ ಧೈರ್ಯ ಯಾರಿಗಿದ್ದೀತು?

ಇನ್ನೊಂದು ತೊಡಕೂ ಇತ್ತು. ನಮ್ಮ ಸೀಮೆಯ ಕಾಲೇಜುಗಳು ಮೊದಲು 1916ರ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಹುಟ್ಟಿ, ಕಾಲಕ್ರಮದಲ್ಲಿ ಅದರ ಆಶ್ರಯಕ್ಕೆ ಬಂದವು. 2017ರಲ್ಲಿ ಕೋಲಾರದ ಟಮಕದಲ್ಲೇ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯವಾಯಿತು. ಮೈದಾನ ಅದೇ, ಧೂಳು ಅದೇ. ಹುಡುಗರ ಅಂಗಿಯ ಮೇಲಿನ ಹೆಸರು ಮಾತ್ರ ಎರಡು ಸಲ ಬದಲಾಯಿತು. (ನಡುವೆ, 2001ರಲ್ಲಿ, ಗಣಿಯೇ ಮುಚ್ಚಿತು.)

ಈಗ ನನ್ನ ಲೆಕ್ಕ. ಮೂವತ್ತು ವರ್ಷಗಳ ಹಿಂದೆ ಶ್ರೀನಿವಾಸಪುರದ ಕಡೆಯ ಹುಡುಗನೊಬ್ಬ, ಮಾವಿನ ತೋಪಿನಲ್ಲಿ ಬರಿಗಾಲಲ್ಲಿ ಆಡಿ ಕಲಿತವನು, ವಿಶ್ವವಿದ್ಯಾನಿಲಯದ ತಂಡದ ಆಯ್ಕೆಗೆ ಕರೆ ಪಡೆದ. ಬೆಂಗಳೂರಿನಲ್ಲಿ ನಾಲ್ಕು ದಿನ ಇರಬೇಕಾಗಿತ್ತು. ಹಾಜರಿಯ ಚೀಟಿಗೆ ರುಜು ಹಾಕಬೇಕಾದವನು ನಾನು. ಪಂಪನನ್ನು ಬಿಟ್ಟು ಚೆಂಡಿನ ಹಿಂದೆ ಓಡುವವನಿಗೆ ಹಾಜರಿಯೇಕೆ ಎಂದು ತರಗತಿಯೆಲ್ಲ ಕೇಳುವಂತೆ ಅಂದೆ, ರುಜು ಹಾಕಲಿಲ್ಲ. ಅವನು ಎದುರಾಡಲಿಲ್ಲ. ಆಯ್ಕೆಗೂ ಹೋಗಲಿಲ್ಲ.

ಈಚೆಗೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಅವನೇ ಗುರುತು ಹಿಡಿದು ಕಾಲಿಗೆ ನಮಸ್ಕರಿಸಿದ. ತಲೆ ನರೆತಿತ್ತು. ಕುಶಲ ಮುಗಿದ ಮೇಲೆ ಒಂದೇ ಮಾತು ಕೇಳಿದ: “ಸಾರ್, ಆ ವರ್ಷ ನಮ್ಮ ಯೂನಿವರ್ಸಿಟಿ ಟೀಮು ಎಷ್ಟನೇ ಸುತ್ತಿನವರೆಗೂ ಹೋಯ್ತು?”

ನನಗೆ ಗೊತ್ತಿರಲಿಲ್ಲ. ಹಳೆಯ ಕಾಲೇಜಿಗೆ ಹೋಗಿ ಆ ವರ್ಷದ ವಾರ್ಷಿಕ ಸಂಚಿಕೆ ತೆಗೆಸಿದೆ. ಅದರಲ್ಲಿ ಪಂಪನ ಮೇಲೆ ನಾನು ಬರೆದ ಎಂಟು ಪುಟಗಳ ಲೇಖನವಿತ್ತು. ಕ್ರೀಡಾ ವರದಿಯ ಕಡೆಯಲ್ಲಿ “ಫುಟ್‌ಬಾಲ್ ತಂಡವೂ ಭಾಗವಹಿಸಿತು” ಎಂದಿತ್ತು. ಹೆಸರುಗಳಿರಲಿಲ್ಲ.