ಮಂಜಿನೊಳಗೆ ಮರಳಿದ ಕೆರೆ

ಪೊಂಗಲ್ ಹಬ್ಬದ ಮುನ್ನಾದಿನ, ಭೋಗಿಯ ಮುಂಜಾವು, ಆರೂವರೆ. ಚೆನ್ನೈನ ನುಂಗಂಬಾಕ್ಕಂನಲ್ಲಿ, ಕವಿ ತಿರುವಳ್ಳುವರರ ಸ್ಮಾರಕವಾದ ವಳ್ಳುವರ್ ಕೋಟ್ಟಂ ಎದುರಿನ ರಸ್ತೆಯಲ್ಲಿ ನಿಂತಿದ್ದೇನೆ. ಕೋಟ್ಟಂ ಮಾತ್ರ ಕಾಣುತ್ತಿಲ್ಲ. ತಿರುವಾರೂರು ದೇವಸ್ಥಾನದ ರಥವನ್ನು ಮಾದರಿಯಾಗಿಟ್ಟುಕೊಂಡು 1976ರಲ್ಲಿ ಎದ್ದು ನಿಂತ ಕಲ್ಲಿನ ತೇರು ಅದು, 39 ಮೀಟರ್ ಎತ್ತರದ್ದು. ಅಷ್ಟು ದೊಡ್ಡದನ್ನು ಮಂಜು ಇಡಿಯಾಗಿ ನುಂಗಿದೆ. ಗಲ್ಲಿಯೊಳಗಿಂದ ಮಕ್ಕಳು ಬಡಿಯುವ ಪುಟ್ಟ ತಮಟೆಯ ಸದ್ದು. ಒಂದು ಮನೆಯ ಮುಂದೆ, ರಂಗೋಲಿಯ ನಡುವಿನ ಸಗಣಿಯುಂಡೆಗೆ ಸಿಕ್ಕಿಸಿದ ಕುಂಬಳದ ಹೂವು. ಇಡೀ ಬೀದಿಯಲ್ಲಿ ಅದೊಂದೇ ಹಳದಿ.

ಬೂದಿ ಬಣ್ಣದೊಳಗೆ ಮೊದಲು ಒಂದಿಷ್ಟು ನೇರಳೆ ಕದಲಿತು. ಅದರ ಅಂಚಿಗೆ ತೆಳು ಗುಲಾಬಿ ಹತ್ತಿತು. ಆ ನೇರಳೆಯೇ ಗಟ್ಟಿಯಾಗುತ್ತ ಬಂದು ತೇರಿನ ಹೆಗಲಾಯಿತು, ಕೊರಳಾಯಿತು. ಬುಡ ಇನ್ನೂ ಇಲ್ಲ. ಚಕ್ರಗಳಿಲ್ಲ, ತೇರನ್ನೆಳೆಯುವ ಎರಡು ಕಲ್ಲಾನೆಗಳೂ ಇಲ್ಲ. ಇಡೀ ತೇರು ನೀರಿನ ಮೇಲೆ ನಿಂತಂತಿದೆ.

ಇಲ್ಲಿ ನಿಜಕ್ಕೂ ನೀರಿತ್ತು. 1970ರ ದಶಕದಲ್ಲಿ ನುಂಗಂಬಾಕ್ಕಂ ಕೆರೆಯನ್ನು ಮುಚ್ಚಿ, ಆ ನೆಲದ ಮೇಲೆ ಇದನ್ನು ಕಟ್ಟಿದರು. ಪಕ್ಕದ ಬಡಾವಣೆಗೆ ಇಂದಿಗೂ ‘ಲೇಕ್ ಏರಿಯಾ’ ಎಂದೇ ಹೆಸರು. ಬೆಂಗಳೂರಿನ ಸಂಪಂಗಿ ಕೆರೆಯ ಮೇಲೆ ಕಂಠೀರವ ಕ್ರೀಡಾಂಗಣವನ್ನೂ ಧರ್ಮಾಂಬುಧಿ ಕೆರೆಯ ಮೇಲೆ ಮೆಜೆಸ್ಟಿಕ್ ಬಸ್ ನಿಲ್ದಾಣವನ್ನೂ ಕಂಡ ನನ್ನಂಥವರಿಗೆ ಈ ಸಂಕಟ ಹೊಸದಲ್ಲ. ಆದರೆ ಹೋದ ಕೆರೆ ಅರ್ಧ ಗಂಟೆಯ ಮಟ್ಟಿಗೆ ಹೀಗೆ ತಿರುಗಿ ಬಂದದ್ದನ್ನು ನಾನೆಲ್ಲೂ ನೋಡಿರಲಿಲ್ಲ.

ಇಂಥ ಬೆಳಕಿಗಾಗಿಯೇ ಇಂಪ್ರೆಶನಿಸ್ಟ್ ಚಿತ್ರಕಾರ ಕ್ಲೋದ್ ಮೊನೆ 1899ರಿಂದ 1901ರ ನಡುವೆ ಮೂರು ಬಾರಿ ಲಂಡನ್ನಿಗೆ ಹೋಗಿದ್ದ. ಥೇಮ್ಸ್ ದಡದ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಕುಳಿತು, ಆಚೆ ದಡದ ಪಾರ್ಲಿಮೆಂಟ್ ಭವನವನ್ನು ಮತ್ತೆ ಮತ್ತೆ ಬರೆದ. ಬೆಳಕು ಹೊರಳಿದರೆ ಕೈಯಲ್ಲಿದ್ದ ಕ್ಯಾನ್ವಾಸನ್ನು ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಆ ಚಿತ್ರಗಳಲ್ಲಿ ಕಲ್ಲಿಗೆ ತೂಕವೇ ಇಲ್ಲ. ಗೋಪುರಗಳು ನೆರಳಾಗಿ ಹೊಳೆಗಿಳಿಯುತ್ತವೆ. ಲಂಡನ್ನಿನ ಆ ಮಂಜಿನಲ್ಲಿ ಕಲ್ಲಿದ್ದಲಿನ ಹೊಗೆ ಬೆರೆತಿತ್ತು. ಇಲ್ಲಿಯದರಲ್ಲಿ ಬೆರೆತಿರುವುದು ಭೋಗಿಯ ಬೆಂಕಿಗೆ ಹಾಕಿದ ಹಳೆಯ ಚಾಪೆ, ಪೊರಕೆ, ಹರಿದ ಬಟ್ಟೆಗಳ ಹೊಗೆ. ಯಾರೋ ಟೈರನ್ನೂ ಹಾಕಿದ್ದಾರೆ, ಗಂಟಲಿಗೆ ಗೊತ್ತಾಗುತ್ತಿದೆ. 2018ರ ಭೋಗಿಯಂದು ಈ ಹೊಗೆಮಂಜಿನಿಂದಾಗಿ ಚೆನ್ನೈಯಲ್ಲಿ ಇಳಿಯಲಾರದೆ ವಿಮಾನಗಳು ಬೇರೆ ಊರುಗಳತ್ತ ತಿರುಗಿದ್ದವು. ಕಣ್ಣು ಹಿಗ್ಗುತ್ತಿದೆ, ಎದೆ ಕೆಮ್ಮುತ್ತಿದೆ. ಆ ಕೆಮ್ಮನ್ನು ಬಿಟ್ಟು ಈ ನೇರಳೆಯನ್ನಷ್ಟೇ ಹೊಗಳಲು ನನಗೆ ಮನಸ್ಸು ಬಾರದು.

ಏಳು ದಾಟಿತು. ಕಿತ್ತಳೆಯ ಬಿಲ್ಲೆಯಂಥ ಸೂರ್ಯ, ಬರಿಗಣ್ಣಿಗೆ ದಕ್ಕುವಷ್ಟು ಮೆತ್ತಗೆ. ಆಟೋಗಳ ದೀಪ ಒದ್ದೆ ಕಾಗದದ ಮೇಲೆ ಬಿದ್ದ ಬಣ್ಣದ ಹಾಗೆ ಹರಡುತ್ತಿದೆ. ಆನೆಯ ಸೊಂಡಿಲು ಬಂತು. ಚಕ್ರದ ಕೆತ್ತನೆ ಒಂದೊಂದೇ ಗೆರೆಯಾಗಿ ಬಂತು. ತಿರುವಳ್ಳುವರರ 1330 ಕುರಳುಗಳನ್ನು ಕೊರೆದ ಕಲ್ಲುಗಳನ್ನು ಒಳಗಿಟ್ಟುಕೊಂಡ ಕೋಟ್ಟಂನ ತೇರು ಮೆಲ್ಲಗೆ ತನ್ನ ತೂಕಕ್ಕೆ ಮರಳುತ್ತಿದೆ. ಚಕ್ರ ನೆಲ ಮುಟ್ಟುವಲ್ಲಿ ಮಾತ್ರ ಇನ್ನೂ ಒಂದು ಗೇಣು ಬಿಳುಪು, ಬೇಸಗೆಯ ಕೆರೆಯಂಚಿನಲ್ಲಿ ಉಳಿದ ನೀರಿನಂತೆ. ಬಸ್ಸೊಂದು ಹಾದುಹೋಗಿ ಅದನ್ನೂ ಕದಡಿತು.