ತಂದೆ ಬಿಟ್ಟುಹೋದ ಮಿಲಿಟರಿ ಲಾರಿ: ತೂಕಕ್ಕೆ ಮಾರುವ ಮುನ್ನ

ವ್ಯಾಪಾರಸ್ಥ ಕುಟುಂಬಗಳಲ್ಲಿ ಹಿರಿಯರು ಕಾಲವಾದಾಗ ಅಂಗಡಿ, ಗೋದಾಮು, ಬ್ಯಾಂಕ್ ಖಾತೆಗಳ ವಿಲೇವಾರಿಗೆ ಲೆಕ್ಕಪರಿಶೋಧಕರು ದಾರಿ ತೋರಿಸುತ್ತಾರೆ. ಹಿರಿಯರು ಹವ್ಯಾಸಕ್ಕಾಗಿ ಕೂಡಿಟ್ಟ ಹಳೆಯ ವಾಹನಗಳ ವಿಷಯದಲ್ಲಿ ಮಾತ್ರ ವಾರಸುದಾರರಿಗೆ ದಿಕ್ಕು ತೋಚುವುದಿಲ್ಲ. ಶೆಡ್ಡಿನ ಬಾಡಿಗೆ ಏರುತ್ತಿರುತ್ತದೆ. ಗುಜರಿ ವ್ಯಾಪಾರಿ ನಗದು ಹಿಡಿದು ಬಾಗಿಲಲ್ಲಿ ನಿಂತಿರುತ್ತಾನೆ. ಆ ಅವಸರದಲ್ಲಿ ಬಿಡಿಭಾಗಗಳಾಗಿ ಹೋದ ಲಾರಿಯನ್ನು ಮತ್ತೆ ಯಾರೂ ಜೋಡಿಸಲಾರರು.

ಎರಡನೆಯ ಮಹಾಯುದ್ಧದಲ್ಲಿ ಬರ್ಮಾ ರಣರಂಗಕ್ಕಾಗಿ ಬಂದ ಅಮೆರಿಕದ ವಾಹನಗಳಲ್ಲಿ ಅನೇಕವು ಯುದ್ಧಾನಂತರ ಡಿಸ್ಪೋಸಲ್ ಮಾರಾಟದ ಮೂಲಕ ನಮ್ಮ ದೇಶದಲ್ಲಿ ಖಾಸಗಿಯವರ ಕೈ ಸೇರಿದವು. ಅವುಗಳಲ್ಲೊಂದು 1942ರಿಂದ 1945ರವರೆಗೆ ತಯಾರಾದ ಮುಕ್ಕಾಲು ಟನ್ನಿನ ಡಾಡ್ಜ್ ಡಬ್ಲ್ಯೂಸಿ-51. ನಾಲ್ಕು ಚಕ್ರಗಳಿಗೂ ಶಕ್ತಿ ಹರಿಯುವ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನಿನ ಗಾಡಿಯಿದು. ಮುಂಭಾಗದಲ್ಲಿ ವಿಂಚ್ ಇದ್ದರೆ ಅದು ಡಬ್ಲ್ಯೂಸಿ-52. ಜರ್ಮನಿಯ ಮ್ಯಾನ್ ಕಂಪೆನಿಯ ಪರವಾನಗಿಯಡಿ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್ ಲಾರಿಗಳೂ ಸೇನೆಯಿಂದ ನಿವೃತ್ತವಾಗಿ ಹರಾಜಿನ ಮೂಲಕ ಹೊರಬಂದಿವೆ. ಇಂತಹ ಗಾಡಿಯ ಬೆಲೆಯಲ್ಲಿ ಕಬ್ಬಿಣದ ಪಾಲು ಅಲ್ಪ. ದಾಖಲೆಯ ಪಾಲೇ ಅಧಿಕ.

ಮೊದಲು ಹಕ್ಕು

ಸತ್ತವರ ಹೆಸರಿನಲ್ಲಿರುವ ವಾಹನವನ್ನು ಮಕ್ಕಳಲ್ಲೊಬ್ಬರು ತಾವಾಗಿಯೇ ಮಾರಲು ಬರುವುದಿಲ್ಲ. ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಗೆ ಒಳಪಟ್ಟ ಕುಟುಂಬದಲ್ಲಿ ಮೃತರ ಪತ್ನಿ, ತಾಯಿ, ಗಂಡು ಮತ್ತು ಹೆಣ್ಣು ಮಕ್ಕಳು ಸಮಾನ ಹಕ್ಕುದಾರರು. ಮದುವೆಯಾಗಿ ಪರವೂರಿನಲ್ಲಿರುವ ಸೋದರಿಯ ಲಿಖಿತ ಒಪ್ಪಿಗೆಯೂ ಅವಶ್ಯ. ಬೆಲೆ ಗೊತ್ತಾಗುವ ಮೊದಲೇ ಈ ಒಪ್ಪಿಗೆಗಳನ್ನು ಪಡೆದಿಟ್ಟರೆ ಮುಂದಿನ ಮನಸ್ತಾಪ ತಪ್ಪುತ್ತದೆ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ, ವಾಹನವನ್ನು ಬಳಸಲಿಚ್ಛಿಸುವ ವಾರಸುದಾರರು ಮರಣದ 30 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕು. ಮೂರು ತಿಂಗಳೊಳಗೆ ನಮೂನೆ 31ರಲ್ಲಿ ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ಬಳಿಕ ಖರೀದಿದಾರರಿಗೆ ವರ್ಗಾಯಿಸಲು ನಮೂನೆ 29 ಮತ್ತು 30 ಬೇಕಾಗುತ್ತವೆ. ಆರ್.ಸಿ. ಪುಸ್ತಕ ಕಳೆದಿದ್ದರೆ ನಮೂನೆ 26ರ ಮೂಲಕ ನಕಲು ಪ್ರತಿ ಕೋರಬಹುದು.

ಅನಂತರ ಗುರುತು

ಆರ್.ಸಿ. ಪುಸ್ತಕದ ಷಾಸಿ ಮತ್ತು ಎಂಜಿನ್ ಸಂಖ್ಯೆಗಳು ಗಾಡಿಯ ಮೇಲಿನ ಅಚ್ಚಿಗೆ ತಾಳೆಯಾಗುತ್ತವೆಯೇ ಎಂದು ನೋಡಬೇಕು. ಡಬ್ಲ್ಯೂಸಿ-51ರ ಮೂಲ ಎಂಜಿನ್ ಸಂಖ್ಯೆ ಟಿ-214 ಎಂದು ಆರಂಭವಾಗುತ್ತದೆ. ಡ್ಯಾಷ್‌ಬೋರ್ಡಿನ ಲೋಹದ ಫಲಕಗಳನ್ನು ಕೀಳಬಾರದು, ಉಜ್ಜಿ ಹೊಳಪಿಸಬಾರದು. ಗಾಡಿಯ ಜಾತಕ ಅಲ್ಲಿದೆ. ನಮ್ಮಲ್ಲಿ ಪೆಟ್ರೋಲ್ ಖರ್ಚು ತಾಳಲಾರದೆ ಎಷ್ಟೋ ಮಾಲೀಕರು ಹಳೆಯ ಗಾಡಿಗಳಿಗೆ ಡೀಸೆಲ್ ಎಂಜಿನ್ ಕೂಡಿಸಿದ್ದಾರೆ. ಹಾಗಿದ್ದಲ್ಲಿ ಖರೀದಿದಾರರಿಗೆ ಮೊದಲೇ ತಿಳಿಸುವುದು ಧರ್ಮವೂ ಹೌದು, ವ್ಯಾಪಾರದ ಜಾಣತನವೂ ಹೌದು. ತೆಗೆದಿಟ್ಟ ಮೂಲ ಎಂಜಿನ್ ಶೆಡ್ಡಿನ ಮೂಲೆಯಲ್ಲಿದ್ದರೆ ಅದನ್ನು ಗಾಡಿಯೊಡನೆಯೇ ಕೊಡಬೇಕು. ಡಿಸ್ಪೋಸಲ್ ರಸೀದಿ, ಹರಾಜು ಪತ್ರ, ತಂದೆಯವರ ಖರ್ಚಿನ ಪುಸ್ತಕ, ಹಳೆಯ ಭಾವಚಿತ್ರ, ಇವೆಲ್ಲವನ್ನೂ ಒಂದೇ ಕಡತದಲ್ಲಿ ಸೇರಿಸಿಡುವುದು ಲೇಸು.

ವಿಂಟೇಜ್ ನೋಂದಣಿ

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿರುವ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರಗಳ ವಾಹನಗಳಿಗೆ ಇದು ಅನ್ವಯಿಸುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ. ಪ್ರದರ್ಶನ, ರ್‍ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವಿಕೆ ಮತ್ತು ದುರಸ್ತಿಗಾಗಿ ಮಾತ್ರ ರಸ್ತೆಗಿಳಿಸಬಹುದು. ಸರಕು ಸಾಗಣೆಗೆಂದು ನೋಂದಾಯಿತವಾದ ಲಾರಿಯಾದರೆ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಯೇ ಮುಂದುವರಿಯಬೇಕು. ವಿಂಟೇಜ್ ನೋಂದಣಿಯಾದ ಗಾಡಿ ಮಾರಿದಾಗ ಉಭಯ ಪಕ್ಷದವರೂ 90 ದಿನಗಳೊಳಗೆ ಸಾರಿಗೆ ಪ್ರಾಧಿಕಾರಕ್ಕೆ ತಿಳಿಸತಕ್ಕದ್ದು.

ಬೆಲೆ ಮತ್ತು ತೆರಿಗೆ

ಇಂತಹ ಗಾಡಿಗೆ ಮಾರುಕಟ್ಟೆ ದರದ ಪಟ್ಟಿಯಿಲ್ಲ. ಮನೆಗೆ ಬಂದ ಮೊದಲ ದಲ್ಲಾಳಿಯ ಮಾತೇ ಬೆಲೆಯಾಗಬಾರದು. ಹಳೆಯ ಮಿಲಿಟರಿ ವಾಹನಗಳನ್ನು ಬಲ್ಲ ಇಬ್ಬರು ಮೂವರಿಂದ ಲಿಖಿತ ಅಂದಾಜು ಪಡೆದು, ವಿಂಟೇಜ್ ವಾಹನ ಸಂಘಗಳ ಸದಸ್ಯರಲ್ಲಿ ವಿಷಯ ಪ್ರಚುರಪಡಿಸಬೇಕು. ಬಣ್ಣ ಬಳಿಸಿ ಅಂದಗೊಳಿಸುವ ವೆಚ್ಚ ಸಾಮಾನ್ಯವಾಗಿ ವ್ಯರ್ಥ. ಬಲ್ಲ ಗಿರಾಕಿ ಹಳೆಯ ಬಣ್ಣವನ್ನೇ ಮೆಚ್ಚುತ್ತಾನೆ. ಎಂಜಿನ್ ಚಾಲೂ ಆಗುವಂತಿದ್ದರೆ ಸಾಕು.

ಗಾಡಿ ತಂದೆಯವರ ಸ್ವಂತದ್ದೋ, ಸಂಸ್ಥೆಯ ಲೆಕ್ಕಪುಸ್ತಕದಲ್ಲಿದೆಯೋ ಎಂಬುದನ್ನು ಮರೆಯದೆ ನೋಡಬೇಕು. ಸಂಸ್ಥೆಯದಾದರೆ ಸವಕಳಿ, ಆದಾಯ ತೆರಿಗೆ, ಜಿಎಸ್‌ಟಿ ಪ್ರಶ್ನೆಗಳು ಏಳುತ್ತವೆ. ಪಾಲುದಾರರ ಸಹಿಯೂ ಬೇಕು. ವಿದೇಶೀ ಗಿರಾಕಿ ಬಂದರೆ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದಲ್ಲಿ ರಫ್ತಿನ ನಿರ್ಬಂಧಗಳನ್ನು ವಿಚಾರಿಸದೆ ಮುಂಗಡ ಪಡೆಯುವುದು ತರವಲ್ಲ.

ವರ್ಗಾವಣೆ ಪೂರ್ಣಗೊಳ್ಳುವವರೆಗೆ ಕಾನೂನಿನ ಹೊಣೆ ದಾಖಲೆಯಲ್ಲಿರುವ ಮಾಲೀಕರ ಮೇಲೆಯೇ ಬೀಳುತ್ತದೆ. ಆದ್ದರಿಂದ ಪೂರ್ತಿ ಹಣ ಬ್ಯಾಂಕಿನ ಮೂಲಕ ಬಂದ ಮೇಲೆ, ಸಹಿಯಾದ ನಮೂನೆಗಳ ಪ್ರತಿ ಇಟ್ಟುಕೊಂಡೇ ಗಾಡಿಯನ್ನು ಶೆಡ್ಡಿನಿಂದ ಬಿಡಬೇಕು. ತಂದೆ ಹತ್ತಾರು ವರ್ಷ ಜತನದಿಂದ ಕಾಯ್ದ ಗಾಡಿಯನ್ನು ಅದನ್ನು ಬಲ್ಲವರ ಕೈಗೆ ಒಪ್ಪಿಸಲು ಮೂರು ತಿಂಗಳು ತಡವಾದರೆ ನಷ್ಟವೇನಿಲ್ಲ.