ಕೈಯಿಂದ ಕೈಗೆ ದಾಟುವ ಕರುಳಿನ ಸೋಂಕು

ಬಂಧುಗಳು ಆಸ್ಪತ್ರೆ ಸೇರಿದರೆಂದು ತಿಳಿದೊಡನೆ ನಾವು ಹಣ್ಣು, ಬುತ್ತಿ ಹಿಡಿದು ಹೋಗುತ್ತೇವೆ. ಹಾಸಿಗೆಯ ಅಂಚಿನಲ್ಲಿ ಕುಳಿತು, ಕೈ ಹಿಡಿದು ಧೈರ್ಯ ಹೇಳುತ್ತೇವೆ. ಈ ಅಂತಃಕರಣ ಮೆಚ್ಚತಕ್ಕದ್ದೇ. ಆದರೆ ಅದೇ ಕೈಗಳ ಮೂಲಕ ಕರುಳಿನ ಸೋಂಕು ಹರಡಬಲ್ಲದೆಂಬುದನ್ನು ಭಕ್ತರು ಅರಿತಿರಬೇಕು.

ಇಂತಹ ಸೋಂಕುಗಳಲ್ಲಿ ‘ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್’ ಎಂಬ ಬ್ಯಾಕ್ಟೀರಿಯಾದ ಸೋಂಕು ಪ್ರಮುಖವಾದುದು. 1935ರಲ್ಲಿ ಇದನ್ನು ಮೊದಲಿಗೆ ಗುರುತಿಸಿದ್ದು ಆರೋಗ್ಯವಂತ ನವಜಾತ ಶಿಶುಗಳ ಮಲದಲ್ಲಿ. ಆ್ಯಂಟಿಬಯೋಟಿಕ್ ಸೇವನೆಯ ನಂತರ ಕೆಲವರಲ್ಲಿ ಉಂಟಾಗುವ ದೊಡ್ಡ ಕರುಳಿನ ತೀವ್ರ ಉರಿಯೂತಕ್ಕೆ ಇದು ಕಾರಣವೆಂಬುದು 1978ರಲ್ಲಿ ತಿಳಿದುಬಂದಿತು.

ನಮ್ಮ ಕರುಳಿನಲ್ಲಿ ವಾಸಿಸುವ ಹಿತಕರ ಬ್ಯಾಕ್ಟೀರಿಯಾಗಳು ರೋಗಕಾರಕಗಳು ನೆಲೆಯೂರದಂತೆ ತಡೆಯುತ್ತವೆ. ಆ್ಯಂಟಿಬಯೋಟಿಕ್‌ಗಳು ರೋಗಾಣುಗಳೊಡನೆ ಇವುಗಳನ್ನೂ ನಾಶಪಡಿಸುತ್ತವೆ. ತೆರವಾದ ಸ್ಥಳದಲ್ಲಿ ಡಿಫಿಸಿಲ್ ಬೆಳೆದು, ವಿಷವನ್ನು ಸ್ರವಿಸಿ, ಭೇದಿಯನ್ನುಂಟುಮಾಡುತ್ತದೆ. ವಯಸ್ಸಾದವರಿಗೂ ಬಹುದಿನ ಆಸ್ಪತ್ರೆಯಲ್ಲಿದ್ದವರಿಗೂ ಅಪಾಯ ಹೆಚ್ಚು. ಕೆಲವೊಮ್ಮೆ ಪ್ರಾಣಕ್ಕೇ ಕುತ್ತು ಬರುತ್ತದೆ.

ಈ ಬ್ಯಾಕ್ಟೀರಿಯಾವು ರೋಗಿಯ ಮಲದೊಡನೆ ಗಟ್ಟಿ ಕವಚದ ಬೀಜಾಣುಗಳ ರೂಪದಲ್ಲಿ ಹೊರಬೀಳುತ್ತದೆ. ಮಂಚದ ಸರಳು, ಶೌಚಾಲಯದ ಚಿಲಕ, ಬೆಡ್‌ಪ್ಯಾನ್‌ಗಳ ಮೇಲೆ ಬೀಜಾಣುಗಳು ತಿಂಗಳುಗಟ್ಟಲೆ ಜೀವಂತವಾಗಿರಬಲ್ಲವು. ಅಲ್ಲಿಂದ ದಾದಿಯರ, ಪರಿಚಾರಕರ, ನೋಡಲು ಬಂದವರ ಕೈಗಳಿಗೆ, ಮತ್ತೆ ಇನ್ನೊಬ್ಬರ ಬಾಯಿಗೆ ಸೇರುತ್ತವೆ. ಜಠರದ ಆಮ್ಲವೂ ಇವನ್ನು ಕೊಲ್ಲಲಾರದು. ಯಾವ ಲಕ್ಷಣವೂ ಇಲ್ಲದೆ ಇವನ್ನು ಹೊತ್ತಿರುವವರೂ ಉಂಟು.

ರೋಗಿಯ ಸ್ಪರ್ಶ, ಸಹಭೋಜನ, ಒಂದೇ ಹಾಸಿಗೆ-ಆಸನಗಳ ಬಳಕೆಯಿಂದ ಜ್ವರಾದಿ ಕೆಲವು ರೋಗಗಳು ಹರಡುತ್ತವೆಂದು ಸುಶ್ರುತ ಸಂಹಿತೆಯ ನಿದಾನಸ್ಥಾನ ಹೇಳುತ್ತದೆ. ಆ ಎಚ್ಚರ ಇಲ್ಲಿಯೂ ಸಲ್ಲುತ್ತದೆ.

ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಈ ಬೀಜಾಣುಗಳನ್ನು ಕೊಲ್ಲುವುದಿಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಉಜ್ಜಿ ತೊಳೆದಾಗ ಅವು ಕೈಯಿಂದ ಕಳಚಿ ಹೋಗುತ್ತವೆ. ಆದ್ದರಿಂದ ರೋಗಿಯನ್ನು ಮುಟ್ಟುವ ಮೊದಲು, ಉಣಿಸುವ ಮೊದಲು, ಕೊಠಡಿಯಿಂದ ಹೊರಬಂದ ಮೇಲೆ ಕೈ ತೊಳೆಯಬೇಕು. ರೋಗಿಯ ಹಾಸಿಗೆಯ ಮೇಲೆ ಕೂರುವುದು, ಅವರ ಶೌಚಾಲಯವನ್ನು ಬಳಸುವುದು ಬೇಡ. ಮನೆಗೆ ಮರಳಿದ ರೋಗಿಗೆ ಭೇದಿಯಿದ್ದರೆ, ಶೌಚಾಲಯವನ್ನು ಬ್ಲೀಚಿಂಗ್ ದ್ರಾವಣದಿಂದ ಶುಚಿಗೊಳಿಸಬೇಕು.

ಆ್ಯಂಟಿಬಯೋಟಿಕ್ ಸೇವಿಸುವಾಗ ಅಥವಾ ಮುಗಿಸಿದ ಕೆಲವು ವಾರಗಳೊಳಗೆ ದಿನಕ್ಕೆ 3 ಬಾರಿ ಅಥವಾ ಅದಕ್ಕಿಂತ ಹೆಚ್ಚು ನೀರಾದ ಭೇದಿಯಾದರೆ, ಅದನ್ನು ಕಟ್ಟಿಸಲು ಮಾತ್ರೆಯನ್ನಾಗಲಿ, ಬಿಲ್ವ ಅಥವಾ ದಾಳಿಂಬೆ ಸಿಪ್ಪೆಯ ಕಷಾಯವನ್ನಾಗಲಿ ತಾವಾಗಿಯೇ ಕೊಡಬಾರದೆಂದು ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ. ಕೂಡಲೇ ವೈದ್ಯರಿಗೆ ತಿಳಿಸಿ ಮಲಪರೀಕ್ಷೆ ಮಾಡಿಸಬೇಕು. ಹಳೆಯ ಚೀಟಿ ತೋರಿಸಿ ಔಷಧದಂಗಡಿಯಿಂದ ಆ್ಯಂಟಿಬಯೋಟಿಕ್ ತರುವ ರೂಢಿಯನ್ನೂ ಬಿಡಬೇಕು.